ಹಿಮದ ಬೆಟ್ಟದಲ್ಲಿ ತಂಗುಮನೆ: ಗೋಡೆಗಿಂತ ಮೊದಲು ಉಸಿರಿನ ಲೆಕ್ಕ

ಹತ್ತು ಜನ ಒಂದೇ ಕೋಣೆಯಲ್ಲಿ ಎಂಟು ಗಂಟೆ ಮಲಗಿದರೆ, ಉಸಿರು ಬೆವರುಗಳಿಂದ ಮೂರು ಲೀಟರಿನಷ್ಟು ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೆ ಆ ಆವಿ ಸಣ್ಣ ಸಂದಿನಲ್ಲೂ ನುಗ್ಗಿ, ಗೋಡೆಯೊಳಗೆ ತಣ್ಣನೆಯ ಪದರ ಸಿಕ್ಕಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬಿಸಿಲು ಬಂದಾಗ ಕರಗಿ ಮರವನ್ನು ಕೊಳೆಸುತ್ತದೆ. ಬೆಟ್ಟದ ತಂಗುಮನೆಗಳು ಬಿರುಗಾಳಿಗೆ ಹಾರಿಹೋಗುವುದು ಅಪರೂಪ, ಒಳಗಿನಿಂದ ಒದ್ದೆಯಾಗಿ ಹಾಳಾಗುವುದು ಸಾಮಾನ್ಯ. ವಿನ್ಯಾಸದ ಉದ್ದಕ್ಕೂ ಈ ಮೂರು ಲೀಟರ್ ನೆನಪಿರಲಿ.

ಜಾಗ

ದೊಡ್ಡ ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅಂಥ ಇಳಿಜಾರಿನ ಕೆಳಗೂ ಕೊರಕಲಿನ ಬಾಯಲ್ಲೂ ಕಟ್ಟಬೇಡಿ. ಒಂದೇ ಬದಿಯ ಕೊಂಬೆ ಮುರಿದ ಮರ, ಬುಡದಲ್ಲೇ ಬಾಗಿದ ಮರ ಕಂಡರೆ ಅಲ್ಲಿ ಹಿಮ ಜಾರಿದೆ ಎಂದೇ ತಿಳಿಯಿರಿ. ಕಣಿವೆಯ ತಳದಲ್ಲಿ ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ, ನೆತ್ತಿಯಲ್ಲಿ ಗಾಳಿ ವಿಪರೀತ. ನೆತ್ತಿಗಿಂತ ತುಸು ಕೆಳಗೆ, ಹೊರಚಾಚಿದ ಬಂಡೆಯ ಹೆಗಲು ಒಳ್ಳೆಯ ಜಾಗ. ಸಾಧ್ಯವಾದರೆ ಒಂದು ಚಳಿಗಾಲ ಅಳತೆ ಬರೆದ ಕೋಲುಗಳನ್ನು ನೆಟ್ಟು, ಹಿಮ ಎಲ್ಲೆಲ್ಲಿ ಎಷ್ಟು ಗುಡ್ಡೆಯಾಗುತ್ತದೆ ಎಂದು ನೋಡಿ.

ಬಾಗಿಲನ್ನು ಗಾಳಿಯ ಮರೆಯಲ್ಲಿಡುವುದು ಹಲವರು ಮಾಡುವ ತಪ್ಪು. ಗಾಳಿ ಹೊತ್ತುತಂದ ಹಿಮ ಬೀಳುವುದೇ ಆ ಮರೆಯಲ್ಲಿ. ಗಾಳಿ ಸವರಿಕೊಂಡು ಹೋಗುವ ಪಕ್ಕದ ಗೋಡೆಯಲ್ಲಿ ಬಾಗಿಲಿಡಿ, ಅದು ಒಳಮುಖವಾಗಿ ತೆರೆಯಲಿ. ಹೊರಗೆ ತೆರೆಯುವ ಬಾಗಿಲಿನ ಮುಂದೆ ಹಿಮ ಬಿದ್ದರೆ ಒಳಗಿದ್ದವರು ಸೆರೆಯಾದಂತೆ. ಮೇಲ್ಭಾಗದಲ್ಲಿ ಒಬ್ಬರು ನುಸುಳುವಷ್ಟು ಅಗಲದ ಇನ್ನೊಂದು ಕಿಟಕಿ ಬೇಕೇ ಬೇಕು.

ಬುನಾದಿ ಮತ್ತು ಭಾರ

ಗಂಟೆಗೆ 180 ಕಿ.ಮೀ. ವೇಗದ ಗಾಳಿ ಸಮುದ್ರಮಟ್ಟದಲ್ಲಿ ಚದರ ಮೀಟರಿಗೆ ಸುಮಾರು 155 ಕೆ.ಜಿ. ಒತ್ತಡ ಹಾಕುತ್ತದೆ. 4000 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಇದರ ಮೂರನೇ ಎರಡರಷ್ಟು. ಆ ರಿಯಾಯಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಮೇಲು, ಏಕೆಂದರೆ ಬೆಟ್ಟದ ಏಣಿನ ಮೇಲೆ ಗಾಳಿಯ ವೇಗವೇ ಏರುತ್ತದೆ. ಗಾಳಿ ಚಾವಣಿಯನ್ನು ಮೇಲಕ್ಕೂ ಎಳೆಯುತ್ತದೆ. ಕುಳಿತು ಗಟ್ಟಿಯಾದ ಹಿಮ ಒಂದು ಮೀಟರ್ ದಪ್ಪಕ್ಕೆ ಚದರ ಮೀಟರಿಗೆ 200ರಿಂದ 300 ಕೆ.ಜಿ. ತೂಗುತ್ತದೆ.

ಗಟ್ಟಿ ಬಂಡೆಯಿದ್ದರೆ ತೂತು ಕೊರೆದು, ಸ್ಟೇನ್‌ಲೆಸ್ ಉಕ್ಕಿನ ಸರಳು ಇಳಿಸಿ, ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟಿನ ಕಲಸು) ತುಂಬಿಸಿ. ಗ್ರೌಟ್ ಬಿಗಿಯುವ ಮೊದಲೇ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ. ಬಿಸಿಲಿನ ಹೊತ್ತಿನಲ್ಲಿ, ಬೆಚ್ಚಗಿನ ನೀರಿನಲ್ಲಿ ಕಲಸಿ, ರಾತ್ರಿ ಹೊದಿಸಿಡಿ. ಪ್ರತಿ ಸರಳನ್ನೂ ಎಳೆದು ಪರೀಕ್ಷಿಸಿ. ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣಾದರೆ ನೆಲಹಾಸನ್ನು ಕಾಲುಗಳ ಮೇಲೆ ಒಂದು ಮೀಟರ್ ಎತ್ತಿ. ಕೋಣೆಯ ಶಾಖ ಮಣ್ಣಿಗೆ ಇಳಿದರೆ ಅದು ಕರಗಿ ಕಟ್ಟಡ ವಾಲುತ್ತದೆ. ಎತ್ತರಿಸಿದರೆ ಗಾಳಿ ಕೆಳಗೆ ನುಗ್ಗಿ ಹಿಮವನ್ನು ಗುಡಿಸಿಯೂ ಹೋಗುತ್ತದೆ.

ಗೋಡೆ

ಒಳಗಿನಿಂದ ಹೊರಕ್ಕೆ ಕ್ರಮ ಹೀಗಿರಲಿ: ಮರದ ಹಲಗೆ, ವೈರುಗಳಿಗೆ ಸಣ್ಣ ಸಂದು, ಆವಿ ತಡೆಯುವ ಹಾಳೆ, ಶಾಖ ತಡೆಯಲು 20 ಸೆಂ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಅಥವಾ ಮರದ ನಾರು, ಗಾಳಿ ತಡೆದರೂ ಆವಿ ಬಿಡುವ ಹಾಳೆ, 4-5 ಸೆಂ.ಮೀ. ಖಾಲಿ ಜಾಗ, ಕೊನೆಗೆ ಲೋಹದ ತಗಡು. ಆವಿ ತಡೆಯುವ ಹಾಳೆ ಯಾವಾಗಲೂ ಬೆಚ್ಚಗಿನ ಬದಿಗೇ ಇರಬೇಕು. ಹೊರಬದಿಗೆ ಹಾಕಿದರೆ ಆವಿಯನ್ನು ಗೋಡೆಯೊಳಗೆ ಕೂಡಿಹಾಕಿದಂತೆ. ಹಾಳೆಗಳು 10 ಸೆಂ.ಮೀ. ಒಂದರ ಮೇಲೊಂದು ಬಂದು, ಸಂದಿಗೆ ಟೇಪ್ ಬೀಳಲಿ. ಸ್ವಿಚ್ಚಿಗಾಗಿ ಹಾಳೆ ಕೊಯ್ಯುವವರನ್ನು ತಡೆಯಲೆಂದೇ ವೈರಿನ ಸಂದನ್ನು ಒಳಗಡೆ ಇಟ್ಟಿರುವುದು.

ತಗಡಿಗೆ ಉದ್ದನೆಯ ತೂತು ಮಾಡಿ. ಆರು ಮೀಟರ್ ಅಲ್ಯೂಮಿನಿಯಂ 60 ಡಿಗ್ರಿ ಏರಿಳಿತಕ್ಕೆ 8 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ, ದುಂಡು ತೂತಾದರೆ ಸ್ಕ್ರೂ ಕಿತ್ತುಬರುತ್ತದೆ. ತಗಡುಗಳನ್ನೆಲ್ಲ ತಂತಿಯಿಂದ ಜೋಡಿಸಿದರೆ ಸಿಡಿಲಿಗೂ ರಕ್ಷೆ. ಆಲ್ಪ್ಸ್‌ನಲ್ಲಿ 4554 ಮೀಟರ್ ಎತ್ತರದಲ್ಲಿರುವ ಮಾರ್ಗರೀಟಾ ತಂಗುಮನೆಗೆ ತಾಮ್ರ ಹೊದಿಸಿರುವುದು ಇದಕ್ಕಾಗಿಯೇ.

ಕಲ್ಲಿನ ಗೋಡೆ ಬೇಡವೇ? ವರ್ಷವಿಡೀ ಜನ ಇರುವ ಕಡೆ, ಹೊರಗೆ ಉಷ್ಣನಿರೋಧಕ ಹೊದಿಸಿದ ಕಲ್ಲು ಸೊಗಸು, ಹಗಲಿನ ಶಾಖವನ್ನು ಇರುಳಿಗೆ ಉಳಿಸುತ್ತದೆ. ಆಗೊಮ್ಮೆ ಈಗೊಮ್ಮೆ ಬಳಸುವ ತಾಣದಲ್ಲಿ ಮಾತ್ರ ಕಲ್ಲು ಬೆಚ್ಚಗಾಗುವಷ್ಟರಲ್ಲಿ ಬಂದವರು ಹೊರಟಿರುತ್ತಾರೆ. ಅಲ್ಲಿ ಹಗುರ ಮರವೇ ಸರಿ.

ಗಾಳಿಯಾಟ

5 ಮೀಟರ್ ಉದ್ದ, 3 ಮೀಟರ್ ಅಗಲ, 2.4 ಮೀಟರ್ ಎತ್ತರದ ಕೋಣೆ. ಹೊರಗೆ ಮೈನಸ್ 15, ಒಳಗೆ 10 ಡಿಗ್ರಿ. ಮೇಲಿನ ಗೋಡೆಯಂತೆಯೇ ನೆಲ, ಚಾವಣಿ ಮಾಡಿದರೆ, ಕಿಟಕಿ ಬಿಟ್ಟು, ಸೋರುವ ಶಾಖ ಸುಮಾರು 350 ವ್ಯಾಟ್. ಹತ್ತು ಜನರಿಗೆ ಗಂಟೆಗೆ ತಲಾ 15 ಘನ ಮೀಟರ್ ಹೊಸ ಗಾಳಿ ಬೇಕು. 4000 ಮೀಟರ್ ಎತ್ತರದಲ್ಲಿ ಅದನ್ನು ಬೆಚ್ಚಗಾಗಿಸಲು ಸುಮಾರು 830 ವ್ಯಾಟ್! ಗೋಡೆಯ ಎರಡು ಪಟ್ಟಿಗೂ ಹೆಚ್ಚು. ಚಳಿಗೆ ಹೆದರಿ ಜನ ಕಿಂಡಿಗೆ ಬಟ್ಟೆ ತುರುಕುವುದು ಇದರಿಂದಲೇ. ಆಮೇಲೆ ಒಲೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ.

ಪರಿಹಾರ ಇದೆ. ಹೊರಹೋಗುವ ಬಿಸಿ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಹಾಕಿ. ಅದು 70 ಶೇಕಡಾ ಶಾಖ ಉಳಿಸಿದರೂ ಗಾಳಿಯ ನಷ್ಟ 250 ವ್ಯಾಟಿಗೆ ಇಳಿಯುತ್ತದೆ. ಗೋಡೆಯದನ್ನೂ ಸೇರಿಸಿದರೆ 600. ಮಲಗಿದ ಹತ್ತು ಮೈಗಳು ಬಿಡುವ ಶಾಖ ಸುಮಾರು 750 ವ್ಯಾಟ್. ಅಂದರೆ ಇಂಧನವಿಲ್ಲದೆಯೇ ರಾತ್ರಿ ಕಳೆಯಬಹುದು, ಆವಿಯೂ ಹೊರಗೆ ಹೋಗುತ್ತದೆ. ಯಂತ್ರದೊಳಗೆ ಕಟ್ಟುವ ಮಂಜನ್ನು ಕರಗಿಸಿ ಹರಿಸುವ ವ್ಯವಸ್ಥೆ ಇರಲಿ. ವಿದ್ಯುತ್ ಹೋದಾಗಿನ ಆಸರೆಗೆ ಕೆಳಗೊಂದು, ಮೇಲೊಂದು ಕೈಯಿಂದ ತೆರೆಯುವ ಕಿಂಡಿ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕು.

ಗಾಜು, ವಿದ್ಯುತ್, ನೀರು

ಎರಡು ಪದರದ ಮುಚ್ಚಿದ ಗಾಜನ್ನು ತಗ್ಗಿನಲ್ಲಿ ತಯಾರಿಸಿ ಮೇಲೆ ಒಯ್ದರೆ ಉಬ್ಬಿ ಒಡೆಯಬಹುದು, 4000 ಮೀಟರಿನಲ್ಲಿ ಹೊರಗಿನ ಒತ್ತಡ 40 ಶೇಕಡಾದಷ್ಟು ಕಡಿಮೆ. ಒತ್ತಡ ಸರಿದೂಗಿಸುವ ಸಣ್ಣ ನಳಿಗೆಯಿರುವ ಗಾಜನ್ನೇ ತರಿಸಿ.

ಸೌರ ಫಲಕಗಳನ್ನು ಬಿಸಿಲು ಬೀಳುವ ಗೋಡೆಗೆ ಬಹುತೇಕ ನೆಟ್ಟಗೆ ಹಾಕಿ. ಹಿಮ ನಿಲ್ಲುವುದಿಲ್ಲ, ನೆಲದ ಹಿಮದಿಂದ ಪುಟಿದ ಬೆಳಕೂ ಸಿಗುತ್ತದೆ. ಚಳಿಯಲ್ಲಿ ಫಲಕದ ವೋಲ್ಟೇಜ್ ಏರುತ್ತದೆ, ಮೈನಸ್ 25ರಲ್ಲಿ ಸುಮಾರು 15 ಶೇಕಡಾ. ಫಲಕದಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಅದನ್ನು ತಾಳಬೇಕು. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ, ಅದನ್ನು ಕೋಣೆಯೊಳಗಿಡಿ.

ಹಿಮ ಕರಗಿಸಿದ ಒಂದು ಲೀಟರ್ ನೀರಿಗೆ 0.11 ಯೂನಿಟ್ ಶಾಖ ಬೇಕು, ಹತ್ತು ಜನರಿಗೆ ದಿನಕ್ಕೆ ತಲಾ ನಾಲ್ಕು ಲೀಟರಾದರೆ 4.4 ಯೂನಿಟ್. ಬಿಸಿಲಿಗಿಟ್ಟ ಕಪ್ಪು ತೊಟ್ಟಿಯಲ್ಲಿ ಹಗಲೇ ಕರಗಿಸಿಕೊಂಡರೆ ಇಂಧನ ಉಳಿಯುತ್ತದೆ. ಶೌಚದಲ್ಲಿ ಮೂತ್ರವನ್ನು ಬೇರೆ ಮಾಡಿ. ಆ ಚಳಿಯಲ್ಲಿ ಏನೂ ಗೊಬ್ಬರವಾಗದು, ಮುಚ್ಚಿದ ಡ್ರಮ್ಮಿನಲ್ಲಿ ಕೆಳಗೆ ಸಾಗಿಸಲೇಬೇಕು.

ಜೋಡಣೆ

ಎಲ್ಲವನ್ನೂ ತಗ್ಗಿನಲ್ಲಿ ಒಮ್ಮೆ ಪೂರ್ತಿ ಜೋಡಿಸಿ, ಸಂಖ್ಯೆ ಬರೆದು, ಬಿಚ್ಚಿ ಒಯ್ಯಿರಿ. ಹೆಲಿಕಾಪ್ಟರ್ ಎತ್ತುವ ಭಾರ ಎತ್ತರ ಹೆಚ್ಚಿದಂತೆ ಇಳಿಯುತ್ತದೆ, ಆದ್ದರಿಂದ ಪ್ರತಿ ತುಂಡಿನ ತೂಕವನ್ನು ನಕ್ಷೆಯಲ್ಲೇ ಬರೆಯಿರಿ. ದಪ್ಪ ಕೈಗವಸು ಹಾಕಿಕೊಂಡು ಬಿಗಿಯಲಾಗದ ಬೋಲ್ಟನ್ನು ಬಳಸಬೇಡಿ.

ಮೇಲೆ ಜೋಡಣೆ ಮುಗಿದ ಮೇಲೆ, ಒಳಹಲಗೆ ಹೊಡೆಯುವ ಮುನ್ನ, ಗಾಳಿಯಿರುವ ದಿನ ಊದುಬತ್ತಿ ಹಚ್ಚಿ ಆವಿ ತಡೆಯುವ ಹಾಳೆಯ ಪ್ರತಿ ಸಂದಿನ ಬಳಿ ಹಿಡಿಯಿರಿ. ಹೊಗೆ ಓರೆಯಾದ ಕಡೆ ಟೇಪ್ ಕಿತ್ತು ಹೊಸದಾಗಿ ಹಚ್ಚಿ.