ಕುಕ್ಕರಹಳ್ಳಿ ಕೆರೆ ಏರಿಯೂ ನನ್ನ ತಲೆಬಿಸಿಯೂ

ನನ್ನ ಕಾಯಿಲೆ ಅಂದರೆ ಯೋಚನೆ. ಆಫೀಸಿನಲ್ಲಿ ಯಾರೋ ಆಡಿದ ಒಂದು ಮಾತು ರಾತ್ರಿ ಎರಡು ಗಂಟೆಗೂ ತಲೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಜೊತೆಗೆ, "ಮರ, ನೀರು ಇರೋ ಕಡೆ ಸ್ವಲ್ಪ ಹೊತ್ತು ಹೋಗಿ ಬನ್ನಿ" ಅಂದರು. ಮೈಸೂರಿನಲ್ಲಿ ಅದಕ್ಕೇನು ಬರ? ಮನೆಗೆ ಹತ್ತಿರ ಇದ್ದದ್ದು ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ್ದು.

ಬೆಳಿಗ್ಗೆ ಅಲ್ಲಿ ಜನ ಬಿರಬಿರನೆ ನಡೆಯುತ್ತಾರೆ. ಕೆಲವರ ಕಿವಿಯಲ್ಲಿ ಇಯರ್‌ಫೋನ್. ಉಳಿದವರದು ಸೈಟು, ಸೊಸೆ, ಶುಗರ್ರು. ಮೈಗೆ ಒಳ್ಳೆಯದೇ ಬಿಡಿ. ನಾನು ಮಾತ್ರ ಪೂರ್ತಿ ಸುತ್ತು ಹಾಕುವುದಿಲ್ಲ. ಫೋನ್ ಮನೆಯಲ್ಲಿಟ್ಟು ಹೋಗುತ್ತೇನೆ, ನೀರು ಚೆನ್ನಾಗಿ ಕಾಣುವ ಕಡೆ ನಿಲ್ಲುತ್ತೇನೆ, ಸುಮ್ನೆ ನೋಡುತ್ತೇನೆ.

ಜಾಸ್ತಿ ನೋಡುವುದು ನೀರುಕಾಗೆಯನ್ನು. ಅದು ಮುಳುಗಿದ ಕೂಡಲೇ ಎಲ್ಲಿ ಏಳುತ್ತದೆ ಅಂತ ಊಹಿಸಬೇಕು. ನಾನು ಕಣ್ಣಿಟ್ಟ ಕಡೆ ಅದು ಏಳುವುದು ಅಪರೂಪ! ಬಾತುಕೋಳಿಯ ಹಾಗಲ್ಲ, ಇದರ ಗರಿ ನೀರು ಕುಡಿಯುತ್ತದೆ. ಅದಕ್ಕೇ ಆಮೇಲೆ ಕೊಂಬೆ ಮೇಲೆ ಕೂತು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಹೆಜ್ಜಾರ್ಲೆ, ಅಂದರೆ ಪೆಲಿಕನ್, ಹಾರಲು ಹೊರಟರೆ ಅದೊಂದು ದೊಡ್ಡ ಗಲಾಟೆ. ಭಾರದ ಮೈ, ನೀರನ್ನು ಕಾಲಲ್ಲಿ ಬಡಿದು ಬಡಿದು ಮೇಲೇಳಬೇಕು. ಇದನ್ನೆಲ್ಲ ನೋಡುವಾಗ ಮ್ಯಾನೇಜರ್ ನೆನಪಾಗುವುದಿಲ್ಲ. ನೆನಪಾದರೂ ಹಕ್ಕಿ ಮುಳುಗಿದ ಕೂಡಲೇ ಮರೆತುಹೋಗುತ್ತಾರೆ.

"ಯೋಚನೆ ಮಾಡಬೇಡ" ಅಂತ ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ. ಬೇರೆ ಏನಾದರೂ ಕೊಟ್ಟರೆ ಬಿಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹಸಿರಿನ ನಡುವೆ ನಡೆದರೆ ಯೋಚನೆ ತಗ್ಗುತ್ತದಾ ಅಂತ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಕೆಲವರನ್ನು 90 ನಿಮಿಷ ಹುಲ್ಲು, ಮರಗಳ ನಡುವೆ ನಡೆಸಿದರು, ಕೆಲವರನ್ನು ವಾಹನ ತುಂಬಿದ ರಸ್ತೆ ಪಕ್ಕ. ಕೊರಗುವ ಯೋಚನೆ ಕಡಿಮೆಯಾದದ್ದು ಮೊದಲಿನವರಿಗೆ ಮಾತ್ರ. ಅದಕ್ಕೆ ಸಂಬಂಧಪಟ್ಟ ಮೆದುಳಿನ ಭಾಗದ ಚಟುವಟಿಕೆಯೂ ಅವರಲ್ಲಿ ತಗ್ಗಿತ್ತು.

ಎಷ್ಟು ಹೊತ್ತು ಬೇಕು ಅಂತ ಕೇಳುವವರಿಗೆ ನಾನು ಹೇಳುವುದು 2019ರ ಇಂಗ್ಲೆಂಡಿನ ಅಧ್ಯಯನ. ಸುಮಾರು 20,000 ಜನರ ಮಾಹಿತಿ ನೋಡಿದ್ದರು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಾವು ಚೆನ್ನಾಗಿದ್ದೇವೆ ಅಂದದ್ದು ಹೆಚ್ಚು. ಒಂದೇ ಸಲ ಹೋದರೂ ಅಷ್ಟೇ, ಬಿಡಿಬಿಡಿಯಾಗಿ ಹೋದರೂ ಅಷ್ಟೇ. ಹಾಗಂತ ಕಣ್ಣುಮುಚ್ಚಿ ನಂಬಬೇಕಿಲ್ಲ. ಮನಸ್ಸು ಚೆನ್ನಾಗಿರುವವರೇ ಹೊರಗೆ ಜಾಸ್ತಿ ಹೋಗುತ್ತಿರಬಹುದು, ಅಲ್ವಾ?

ಇಷ್ಟಾದರೂ ಮಾತ್ರೆಯನ್ನು ನಾನಾಗಿಯೇ ಬಿಡಲಿಲ್ಲ. ನಿದ್ದೆ ಸರಿಹೋದ ಮೇಲೆ ಡಾಕ್ಟರೇ ಕಡಿಮೆ ಮಾಡುತ್ತಾ ಬಂದರು. ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದ ಸ್ಥಿತಿಯಲ್ಲಿರುವವರಿಗೆ ಕೆರೆ ಏರಿಗೆ ಬನ್ನಿ ಅಂತ ನಾನು ಹೇಳುವುದಿಲ್ಲ. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಡುತ್ತೇನೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.