ಮಳೆಗಾಲದಲ್ಲಿ ಜಿಪ್‌ಲೈನ್ ಕೆಲ್ಸ: ನನ್ನ ಅನುಭವ

ಮಡಿಕೇರಿ ಹತ್ರ ಒಂದು ಅಡ್ವೆಂಚರ್ ಪಾರ್ಕಲ್ಲಿ ಮೇಂಟೆನೆನ್ಸ್ ನೋಡ್ಕೊಳ್ತೀನಿ. ಜೂನಲ್ಲಿ ಮಳೆ ಹಿಡೀತು ಅಂದ್ರೆ ಜಿಪ್‌ಲೈನ್ ಬಂದ್, ಊರಲ್ಲಿ ಎಲ್ರೂ ಕೇಳೋದು ಮೂರು ತಿಂಗ್ಳು ರಜಾನಾ ಅಂತ. ನಮ್ಗೆ ನಿಜವಾದ ಕೆಲ್ಸ ಶುರು ಆಗೋದೇ ಆವಾಗ.

ಮೊದ್ಲು ರೋಪು, ಅಂದ್ರೆ ಜನ ನೇತಾಡ್ಕೊಂಡು ಜಾರೋ ಉಕ್ಕಿನ ತಂತಿ ಹಗ್ಗ. ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟೋ ನೈಲಾನ್ ಪಟ್ಟಿ) ಹಾಕ್ಕೊಂಡು ಲೈನಿಗೆ ನೇತಾಡ್ಕೊಂಡು, ಹಳೇ ಕಾಟನ್ ಬನಿಯನ್ ಬಟ್ಟೆ ಸುತ್ತಿ ಮೆಲ್ಲಗೆ ಒರೆಸ್ತಾ ಹೋಗೋದು, ಒಂದು ಎಳೆ ತುಂಡಾಗಿದ್ರೂ ಬಟ್ಟೆ ಸಿಕ್ಕಾಕ್ಕೊಳ್ಳುತ್ತೆ, ಬರಿಗೈಲಿ ಮಾತ್ರ ಮುಟ್ಬಾರ್ದು ಕೈ ಸೀಳುತ್ತೆ. ಮೊದಲ್ನೇ ವರ್ಷ ನಾನು ಇಷ್ಟೇ ಮಾಡಿ, ಮೇಲೆ ಚೆನ್ನಾಗಿ ಗ್ರೀಸ್ ಬಳಿದು ಮುಗೀತು ಅಂದ್ಕೊಂಡಿದ್ದೆ. ಚೆಕ್ ಮಾಡೋಕೆ ಬಂದಿದ್ದ ಹಿರಿಯ ರಿಗ್ಗರ್ (ರೋಪ್ ಕಟ್ಟೋ ಕೆಲ್ಸದವ್ರು) ಒಬ್ರು ಟವರ್ ಹತ್ರ ರೋಪಿನ ತುದಿ ಮಡಚಿ ಹಿಡಿದಿರೋ ಕ್ಲಾಂಪ್ ಬಿಚ್ಚಿಸಿ, "ಇಲ್ಲಿ ಸ್ವಲ್ಪ ಬಗ್ಗಿಸಿ ನೋಡಪ್ಪ" ಅಂದ್ರು. ಎಳೆಗಳ ಮಧ್ಯದಿಂದ ತುಕ್ಕಿನ ಕೆಂಪು ಪುಡಿ ಉದುರ್ತು. ತೇವ ಇದ್ದಾಗ್ಲೇ ಗ್ರೀಸ್ ಬಳಿದಿದ್ದಕ್ಕೆ ನೀರು ಒಳಗೇ ಉಳ್ಕೊಂಡಿತ್ತು. ಆ ರೋಪ್ ಪೂರ್ತಿ ತೆಗೆಸಿದ್ವಿ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಎಷ್ಟು ಮಕ್ಳು ಹೋಗಿದ್ರು ಆ ಲೈನಲ್ಲಿ.

ಕ್ಲಾಂಪ್ ವಾಪಸ್ ಹಾಕುವಾಗ ಇನ್ನೊಂದು ವಿಷ್ಯ, ಸ್ಯಾಡಲ್ ಭಾಗ, ಅಂದ್ರೆ ಕ್ಲಾಂಪಿನ ಗಟ್ಟಿ ತಳ, ಲೋಡ್ ಬರೋ ರೋಪಿನ ಮೇಲೆ ಕೂರ್ಬೇಕು, U ಆಕಾರದ ಬೋಲ್ಟ್ ಮಡಚಿದ ಬಾಲದ ತುದಿ ಕಡೆ. ಉಲ್ಟಾ ಹಾಕಿದ್ರೆ ಲೋಡ್ ತಗೊಳ್ಳೋ ರೋಪನ್ನೇ ಬೋಲ್ಟ್ ಜಜ್ಜಿ ಹಾಕುತ್ತೆ. ಲೋಡ್ ಕೊಟ್ಟಾದ್ಮೇಲೆ ನಟ್ ಮತ್ತೆ ಟಾರ್ಕ್ ಮಾಡ್ಲೇಬೇಕು (ಅಳತೆಗೆ ತಕ್ಕಂತೆ ಬಿಗಿ ಮಾಡೋದು), ರೋಪ್ ಎಳೆದಾಗ ಸಣ್ಣ ಆಗಿ ನಟ್ ಸಡ್ಲ ಆಗಿರುತ್ತೆ.

ಹಾರ್ನೆಸ್‌ದು ಬೇರೆಯೇ ತಲೆನೋವು. ಇಲ್ಲಿ ಜುಲೈಲಿ ಏನೂ ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಒಂದ್ಸಲ ಹುಡುಗ್ರು ಮನೇಲಿ ಬಟ್ಟೆ ಒಣಗಿಸೋ ಹಾಗೆ ಒಲೆ ಮೇಲೆ ನೇತಾಕಿಬಿಟ್ಟಿದ್ರು. ಬೈದೆ, ಆಮೇಲೆ ಕೂರ್ಸ್ಕೊಂಡು ಹೇಳ್ದೆ, ಬಿಸಿಗೆ ನೈಲಾನ್ ಶಕ್ತಿ ಕಳ್ಕೊಳ್ಳುತ್ತೆ, ಹೊರಗಡೆ ನೋಡಿದ್ರೆ ಗೊತ್ತೇ ಆಗಲ್ಲ ಅಂತ. ಅವನ್ನೆಲ್ಲ ಕತ್ತರಿಸಿ ಬಿಸಾಕಿದ್ವಿ. ಈಗ ತಣ್ಣೀರು, ಸಾದಾ ಸೋಪು, ರೂಮಲ್ಲಿ ಫ್ಯಾನು ಅಷ್ಟೇ. ಬ್ಲೀಚ್ ಬೇಡವೇ ಬೇಡ.

ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೊಡವರ ಆಯುಧ ಪೂಜೆ ಹಬ್ಬ, ಅವತ್ತು ಸ್ಪ್ಯಾನರು ಟಾರ್ಕ್ ರೆಂಚು ಎಲ್ಲ ತೊಳ್ದು ಹೂವಿಟ್ಟು ಪೂಜೆ ಮಾಡ್ತೀವಿ. ಮಳೆ ಬಿಟ್ಟ ಮೇಲೆ ಜನರ ಬದ್ಲು ಮರಳು ಚೀಲ ಲೈನಲ್ಲಿ ಬಿಟ್ಟು ಟ್ರಯಲ್. ಹಗುರ ಚೀಲ ಎದುರು ಗಾಳಿಗೆ ಮಧ್ಯದಲ್ಲೇ ನಿಲ್ಲುತ್ತೆ, ಭಾರದ್ದು ಬ್ರೇಕಿಗೆ ಜೋರಾಗಿ ಹೊಡೆಯುತ್ತೆ, ಎರಡನ್ನೂ ನೋಡ್ಬೇಕು. ಪ್ರತೀ ಸಲ ಚೀಲ ತೂಕ ಹಾಕೇ ಬಿಡಿ, ನಮ್ಮ ಕಡೆ ಮಂಜಿಗೇ ಮರಳು ನೆಂದು ತೂಕ ಏರಿರುತ್ತೆ.