ಕೀನ್ಯಾದ ಹಳ್ಳಿ ಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಾ? ಮೊದಲು ಅವರ ರಜೆ ಯಾವಾಗ ನೋಡಿ

ನಮ್ಮ ಮಕ್ಕಳು ಅಲ್ಲಿಗೆ, ಅವರ ಮಕ್ಕಳು ಇಲ್ಲಿಗೆ ಅನ್ನುವ ಶಾಲಾ ವಿನಿಮಯಕ್ಕೆ ಧಾರವಾಡದಿಂದ ಮಕ್ಕಳನ್ನು ಕೀನ್ಯಾಕ್ಕೆ ಕರೆದುಕೊಂಡು ಹೋಗೋಣ ಅಂತ ಹೊರಟಾಗ ನಾವು ಮಾಡಿದ ಮೊದಲ ತಪ್ಪು ಅಂದರೆ ನಮ್ಮ ರಜೆ ನೋಡಿ ತಾರೀಕು ಹಾಕಿದ್ದು. ಏಪ್ರಿಲ್‌ನಲ್ಲಿ ಅಲ್ಲೂ ರಜೆ! ಬೀಗ ಹಾಕಿದ ಶಾಲೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ಅವರ ಶಾಲೆ ಜನವರಿಯಲ್ಲಿ ಶುರುವಾಗುತ್ತದೆ, ವರ್ಷಕ್ಕೆ 3 ಟರ್ಮ್, ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ ನಡುವೆ ರಜೆ. ದಸರಾ ರಜೆಗೆ ಹೋದರೆ ಅವರು ವರ್ಷದ ಕೊನೆಯ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ. ಉಳಿದದ್ದು ಜೂನ್, ಜುಲೈ. ನಮ್ಮಲ್ಲಿ ಆಗ ತಾನೇ ಶಾಲೆ ಶುರುವಾಗಿರುತ್ತದೆ, ಪಾಲಕರು ಗೊಣಗುತ್ತಾರೆ, ಆದರೂ ಅದೇ ಸರಿಯಾದ ಸಮಯ. ಸ್ವೆಟರ್ ಮಾತ್ರ ಮರೆಯಬೇಡಿ. ಆಫ್ರಿಕಾ ಅಂದರೆ ಬರೀ ಬಿಸಿಲು ಅಂತ ನಮ್ಮವರ ಲೆಕ್ಕ, ನೈರೋಬಿ ಕಡೆಯ ಎತ್ತರದ ಜಾಗಗಳಲ್ಲಿ ಆ ಎರಡು ತಿಂಗಳು ಚಳಿ.

ಪಾಸ್‌ಪೋರ್ಟ್‌ಗೆ ಹುಬ್ಬಳ್ಳಿಯ ಸೇವಾ ಕೇಂದ್ರ ಇದೆ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷ ಅಥವಾ 18 ತುಂಬುವವರೆಗೆ ಮಾತ್ರ, ಹಳೆಯದು ಇದ್ದರೆ ತಾರೀಕು ನೋಡಿಕೊಳ್ಳಿ. ಕೀನ್ಯಾ 2024ರಿಂದ ವೀಸಾ ಬಿಟ್ಟು ಇಟಿಎ, ಅಂದರೆ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ ತಂದಿದೆ, ಆನ್‌ಲೈನ್‌ನಲ್ಲೇ ಅರ್ಜಿ. ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಹಳದಿ ಜ್ವರದ ಲಸಿಕೆ ವಿಷಯದಲ್ಲಿ ಆಲಸ್ಯ ಬೇಡ. ಹೊರಡುವ 10 ದಿನ ಮೊದಲಾದರೂ ಹಾಕಿಸಿರಬೇಕು, ಅದೂ ಸರ್ಕಾರ ಒಪ್ಪಿದ ಕೇಂದ್ರದಲ್ಲೇ, ಓಣಿ ಡಾಕ್ಟರ ಹತ್ತಿರ ಸಿಗುವುದಿಲ್ಲ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮೊಟ್ಟೆ ಅಲರ್ಜಿ ಇರುವ ಮಗು ಇದ್ದರೆ ಮೊದಲೇ ಹೇಳಿ. ಮಲೇರಿಯಾ ಮಾತ್ರೆ ಬಗ್ಗೆಯೂ ಡಾಕ್ಟರನ್ನು ಕೇಳಿ.

ಬ್ಯಾಗ್ ತುಂಬುವಾಗ ಅಮ್ಮಂದಿರನ್ನು ಸ್ವಲ್ಪ ತಡೆಯಿರಿ. ಚಪ್ಪಲಿಗೊಂದು, ಒದ್ದೆ ಟವೆಲಿಗೊಂದು ಕ್ಯಾರಿಬ್ಯಾಗ್ ಹಾಕುತ್ತಾರೆ, ಅಲ್ವಾ? ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ಬಟ್ಟೆ ಚೀಲ ಕೊಡಿ.

ಊಟಕ್ಕೆ ಹೆದರಬೇಡಿ. ಉಗಾಲಿ ಅಂದರೆ ಗೋವಿನಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ಗೋವಿನಜೋಳ, ಕಾಳು ಕೂಡಿಸಿ ಬೇಯಿಸಿದ ಗಿಥೇರಿ ಶಾಲೆಗಳಲ್ಲಿ ಜಾಸ್ತಿ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು, ಅಂಗಡಿಗೆ ದುಕಾ, ನಮ್ಮ ದುಕಾನ. ಖಾರ ಮಾತ್ರ ಇರುವುದಿಲ್ಲ.

ಗಂಟೆ ಕೇಳುವಾಗ ಹುಷಾರು. ಅಲ್ಲಿನ ಭಾಷೆ ಸ್ವಾಹಿಲಿಯ ಲೆಕ್ಕದಲ್ಲಿ ಬೆಳಗಿನ 7 ಅಂದರೆ 1 ಗಂಟೆ, "ಸಾ ಮೋಜಾ". ಅದನ್ನು ಮಧ್ಯಾಹ್ನದ 1 ಅಂದುಕೊಂಡು ಮಲಗಿದರೆ ಕೆಟ್ಟಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ತಯಾರಿ, ಇದಕ್ಕೆ ಒಂದು ತಿಂಗಳಾದರೂ ಕೊಡಿ. ಮಕ್ಕಳ ತಲೆಯಲ್ಲಿ ಆಫ್ರಿಕಾ ಅಂದರೆ ಸಿಂಹ ಮತ್ತು ಬಡತನ, ಅಷ್ಟೇ. ನಮ್ಮದೇ ಕಲಘಟಗಿ ತಾಲ್ಲೂಕಿನಲ್ಲಿ, ಆಚೆ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯ ಇದೆ. ಅವರ ಹಿರಿಯರಲ್ಲಿ ತುಂಬಾ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ನಮ್ಮ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ಈ ಚರಿತ್ರೆ ಓದಿಸಿ, ಆದರೆ ಸಿದ್ದಿ ಹುಡುಗರನ್ನು ಕರೆದು ತೋರಿಸುವ ಕೆಲಸ ಮಾಡಬೇಡಿ, ಅವರು ಆಫ್ರಿಕಾದ ಸ್ಯಾಂಪಲ್ ಅಲ್ಲ, ಕನ್ನಡ, ಕೊಂಕಣಿ ಮಾತಾಡುವ ನಮ್ಮವರು. ಬಣ್ಣದ ಬಗ್ಗೆ ನಮ್ಮ ಮನೆಗಳಲ್ಲಿ ಸುಮ್ನೆ ಆಡುವ ಮಾತುಗಳಿವೆಯಲ್ಲ, ಅವುಗಳ ಬಗ್ಗೆಯೂ ಮಕ್ಕಳ ಜೊತೆ ಬಿಚ್ಚಿ ಮಾತಾಡಿ.

ಅಲ್ಲಿ ಪೆನ್ಸಿಲ್, ಚಾಕೊಲೇಟ್ ಹಂಚಬೇಡಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ನಮ್ಮ ಶಾಲೆಗೆ ಯಾರೋ ಬಂದು ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ? ಹೆಡ್‌ಮಾಸ್ಟರಿಗೆ ನವಲಗುಂದದ ಒಂದು ಸಣ್ಣ ಜಮಖಾನ ಕೊಡಿ, ಮಕ್ಕಳಿಗೆ ಲಗೋರಿ ಕಲಿಸಿ, ಅವರ ಆಟ ಕಲಿತು ಬನ್ನಿ.

ಅಲ್ಲಿನ ಮಕ್ಕಳು ಇಲ್ಲಿಗೆ ಬರುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿ. ಅದಿಲ್ಲದಿದ್ದರೆ ಇದು ವಿನಿಮಯ ಅಲ್ಲ, ಟೂರು. ಅವರಿಗೂ ಹಳದಿ ಜ್ವರದ ಕಾರ್ಡ್ ಬೇಕು, ಉಳಿಸಿಕೊಂಡ ಮನೆಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿ ಅತಿಥಿಗಳ ಮಾಹಿತಿಯ ಫಾರ್ಮ್ ತುಂಬಬೇಕು. ರೊಟ್ಟಿ ಅವರಿಗೆ ಹಿಡಿಸುತ್ತದೆ, ಎಣ್ಣೆಗಾಯಿ ಖಾರ ತಡೆಯುವುದಿಲ್ಲ. ಆ ವಾರ ಗುಂಟೂರು ಕಾಯಿ ಬಿಟ್ಟು ಬರೀ ಬ್ಯಾಡಗಿ ಕಾಯಿ ಹಾಕಿ ಅಂತ ಆ ಮನೆಯ ಅಮ್ಮನವರಿಗೆ ಹೇಳಿಬಿಡಿ.